ಋಣರಾಶಿಯ ಭಿನ್ನಘಾತವೂ ಗಣಕಯಂತ್ರದ ಉತ್ತರವೂ



ಗಣಿತವು ಶಾಸ್ತ್ರಗಳಲ್ಲೆಲ್ಲ ಅತ್ಯಂತ ನಿಶ್ಚಿತವಾದದ್ದೆಂದೂ ಅದರಲ್ಲಿ ಒಂದು ಪ್ರಶ್ನೆಗೆ ಒಂದೇ ಉತ್ತರವಿರುವದೆಂದೂ ಲೋಕದಲ್ಲಿ ದೃಢವಾದ ನಂಬಿಕೆಯುಂಟು. ಲೆಕ್ಕವನ್ನು ಮನುಷ್ಯನು ಮಾಡಿದರೆ ತಪ್ಪಬಹುದು, ಯಂತ್ರವು ಮಾಡಿದರೆ ತಪ್ಪದು ಎಂಬದು ಅದೇ ನಂಬಿಕೆಯ ಇನ್ನೊಂದು ಕೊಂಬೆ. ಈ ಎರಡನ್ನೂ ಒಂದೇ ಸಲಕ್ಕೆ ಅಲುಗಾಡಿಸುವ ಸಣ್ಣದೊಂದು ಲೆಕ್ಕವಿದೆ. ಋಣ 8ರ ಮೂರರಲ್ಲೊಂದು ಘಾತವೆಷ್ಟು? ಯಂತ್ರಗಳ ಮೇಲೆ ಘಾತವನ್ನು ಸೂಚಿಸಲು ಬಾಣದ ತುದಿಯಂಥ ಒಂದು ಗುರುತಿರುತ್ತದೆ. ಅದನ್ನೇ ಬಳಸಿ ಬರೆದರೆ ಪ್ರಶ್ನೆಯು (−8)^(1/3) ಎಂದಾಗುವದು.

ಇದನ್ನು ಕ್ಯಾಸಿಯೋ ಕ್ಯಾಲ್ಕುಲೇಟರಿಗೆ ಕೇಳಿದರೆ −2 ಎನ್ನುತ್ತದೆ. ಮ್ಯಾಥಮ್ಯಾಟಿಕ ಎಂಬ ಪ್ರಸಿದ್ಧ ಗಣಿತ ತಂತ್ರಾಂಶಕ್ಕೆ ಕೇಳಿ ದಶಮಾಂಶದಲ್ಲಿ ಉತ್ತರ ಬೇಡಿದರೆ, ಒಂದನ್ನೂ, ಅದರ ಜೊತೆಗೆ ಋಣ ಒಂದರ ವರ್ಗಮೂಲದಿಂದ ಗುಣಿಸಿದ 1.73205 ಎಂಬ ರಾಶಿಯನ್ನೂ ಕೊಡುತ್ತದೆ. ಪೈಥಾನ್ ಎಂಬ ಗಣಕಭಾಷೆಯ ಮೂರನೆಯ ಆವೃತ್ತಿಯ ಉತ್ತರವೂ ಅದೇ. ಆದರೆ ಒಂದರ ಬದಲಾಗಿ 1.0000000000000002 ಎಂದು ಕೊನೆಯಲ್ಲಿ ಒಂದು ಅಣುವಿನಷ್ಟು ಹೆಚ್ಚು ತೂಗಿ ಕೊಡುತ್ತದೆ. ಅದೇ ಪೈಥಾನಿನ ಎರಡನೆಯ ಆವೃತ್ತಿಯು ದೋಷವೆಂದು ಹೇಳಿ ನಿಂತುಬಿಡುತ್ತಿತ್ತು. ಸಿ ಎಂಬ ಭಾಷೆಯ ಘಾತವಿಧಿಗೆ ಕೇಳಿದರೆ 'ಸಂಖ್ಯೆಯಲ್ಲ' ಎಂಬ ಸಂಕೇತವು ಬರುತ್ತದೆ. 1998ರಲ್ಲಿ ಹೊರಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಟಿಐ-89 ಎಂಬ ಯಂತ್ರವಂತೂ ಇನ್ನೂ ವಿಚಿತ್ರವಾದದ್ದು: ವಾಸ್ತವ ಸಂಖ್ಯೆಗಳ ಕ್ರಮದಲ್ಲಿಟ್ಟರೆ −2 ಎನ್ನುತ್ತದೆ, ಮಿಶ್ರ ಸಂಖ್ಯೆಗಳ ಕ್ರಮಕ್ಕೆ ತಿರುಗಿಸಿದರೆ ಮ್ಯಾಥಮ್ಯಾಟಿಕದ ಪಕ್ಷವನ್ನು ಸೇರುತ್ತದೆ. ಒಂದೇ ಯಂತ್ರ, ಒಂದೇ ಪ್ರಶ್ನೆ, ಉತ್ತರ ಎರಡು.

ಇದು ವಿದ್ವಾಂಸರ ವಿನೋದವಾಗಿದ್ದರೆ ಇಷ್ಟು ವಿಸ್ತರಿಸಬೇಕಾಗಿದ್ದಿಲ್ಲ. ಆದರೆ ಇದರ ಭಾರವು ಬೀಳುವದು ಹದಿನಾರು ಹದಿನೇಳು ವರುಷದ ವಿದ್ಯಾರ್ಥಿಯ ಮೇಲೆ. ನಕ್ಷೆಯನ್ನು ಬರೆದು ತೋರಿಸುವ ಕ್ಯಾಲ್ಕುಲೇಟರುಗಳಲ್ಲಿ ಮೊದಲನೆಯದಾದ ಕ್ಯಾಸಿಯೋ ಎಫ್‌ಎಕ್ಸ್-7000ಜಿ ಎಂಬದು 1985ರಲ್ಲಿ ಹೊರಬಂದಿತು. ಅದಾದ ಹತ್ತೇ ವರುಷಗಳಲ್ಲಿ, ಅಂದರೆ 1995ರಿಂದ, ಅಮೇರಿಕದಲ್ಲಿ ಪ್ರೌಢಶಾಲೆಯ ಮಕ್ಕಳು ಕಾಲೇಜಿನ ಮಟ್ಟದ ಕಲನಶಾಸ್ತ್ರದಲ್ಲಿ ಕೊಡುವ ಏಪಿ ಪರೀಕ್ಷೆಗೆ ಇಂಥ ಯಂತ್ರವನ್ನು ತರುವದು ಕಡ್ಡಾಯವಾಯಿತು. ಅಲ್ಲಿಯ ಎಸ್‌ಏಟಿ ಪರೀಕ್ಷೆಯು ಗಣಕದ ಮೇಲೆ ನಡೆಯತೊಡಗಿದ ತರುವಾಯ ಡೆಸ್ಮಾಸ್ ಎಂಬ ನಕ್ಷೆ ಬರೆಯುವ ಸಾಧನವನ್ನು ಪ್ರಶ್ನೆಪತ್ರಿಕೆಯೊಳಗೇ ಸೇರಿಸಿಬಿಟ್ಟಿದ್ದಾರೆ. ನಮ್ಮ ಕಡೆಯ ಮಕ್ಕಳೂ ಇಂಥವನ್ನು ದೂರವಾಣಿಯ ಮೇಲೆಯೇ ತೆರೆದು ನೋಡುತ್ತಾರೆ.

ಅಂಥ ಒಬ್ಬ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಅಜ್ಞಾತರಾಶಿಯೊಂದರ ಮೂರರಲ್ಲೆರಡು ಘಾತದ ನಕ್ಷೆಯನ್ನು ಬರೆಯಲು ಉಪಾಧ್ಯಾಯರು ಹೇಳಿರುವರು. ಭಾಸ್ಕರಾಚಾರ್ಯರ ರೂಢಿಯಂತೆ ಆ ಅಜ್ಞಾತವನ್ನು 'ಯಾ' ಎಂದು ಕರೆದರೆ, ಬರೆಯಬೇಕಾದದ್ದು ಯಾ^(2/3). ಹುಡುಗನು ತನ್ನ ಕೈಯಿಂದಲೇ ಲೆಕ್ಕ ಹಾಕುತ್ತಾನೆ: −8ರ ಘನಮೂಲವು −2, ಅದರ ವರ್ಗವು 4, +8ರ ಘನಮೂಲವು 2, ಅದರ ವರ್ಗವೂ 4. ಆದುದರಿಂದ ಎಡಕ್ಕೂ ಬಲಕ್ಕೂ ಸಮನಾಗಿ ಏರುವ, ನಡುವೆ ಮೊನೆಯಾಗಿ ನೆಲವನ್ನು ಮುಟ್ಟುವ, ರೆಕ್ಕೆ ಬಿಚ್ಚಿದ ಹಕ್ಕಿಯಂಥ ಆಕೃತಿಯು ಕಾಗದದ ಮೇಲೆ ಬರುತ್ತದೆ. ಅನಂತರ ನೋಡಿಕೊಳ್ಳೋಣವೆಂದು ಯಂತ್ರವನ್ನು ಒತ್ತುತ್ತಾನೆ. ಹಳೆಯ ಹಲವು ಯಂತ್ರಗಳೂ ಇಂದಿನ ಎಷ್ಟೋ ತಂತ್ರಾಂಶಗಳೂ ಬಲಗಡೆಯ ರೆಕ್ಕೆಯನ್ನು ಮಾತ್ರ ಬರೆದು ಸುಮ್ಮನಾಗುತ್ತವೆ. ಎಡಗಡೆ ಬರಿದು. ದೋಷವೆಂಬ ಮಾತಿಲ್ಲ, ಎಚ್ಚರಿಕೆಯಿಲ್ಲ. ಹುಡುಗನು ಏನು ಮಾಡುವನು? ರಬ್ಬರನ್ನು ತೆಗೆದುಕೊಂಡು ತಾನು ಸರಿಯಾಗಿ ಬರೆದಿದ್ದ ಎಡರೆಕ್ಕೆಯನ್ನು ಅಳಿಸಿಬಿಡುವನು. ಅವನ ಅಂಕವು ಹೋಗುವದಂತಿರಲಿ, ತನ್ನ ಬುದ್ಧಿಗಿಂತ ಗಾಜಿನ ಪರದೆಯು ಹೆಚ್ಚು ಪ್ರಮಾಣವೆಂಬ ತೀರ್ಮಾನವು ಅಂದು ಅವನಲ್ಲಿ ಬೇರೂರುವದು.

ಆ ಎಡರೆಕ್ಕೆಯು ಎಲ್ಲಿ ಹೋಯಿತೆಂಬದನ್ನು ತಿಳಿಯಬೇಕಾದರೆ ಘಾತವೆಂಬ ಮಾತಿನ ಬುಡಕ್ಕೇ ಹೋಗಬೇಕಾಗುತ್ತದೆ.

ಘಾತಾಂಕವು 2, 3, 4 ಇತ್ಯಾದಿ ಪೂರ್ಣಾಂಕವಾಗಿರುವವರೆಗೆ ಯಾವ ತೊಡಕೂ ಇಲ್ಲ. ಒಂದು ರಾಶಿಯನ್ನು ಅದರಿಂದಲೇ ಅಷ್ಟು ಸಲ ಗುಣಿಸುವದು. ಋಣವನ್ನು ಋಣದಿಂದ ಗುಣಿಸಿದರೆ ಧನ, ಧನವನ್ನು ಋಣದಿಂದ ಗುಣಿಸಿದರೆ ಋಣ ಎಂಬ ವಿಧಿಯನ್ನು ಬ್ರಹ್ಮಗುಪ್ತನು ಕ್ರಿ. ಶ. 628ರಷ್ಟು ಹಿಂದೆಯೇ ಹೇಳಿದ್ದಾನೆ. ಆದರೆ ಒಂದು ರಾಶಿಯನ್ನು ಅದರಿಂದಲೇ 'ಮೂರರಲ್ಲೊಂದು ಸಲ' ಗುಣಿಸುವದೆಂದರೇನು? ಆ ಮಾತಿಗೆ ಸ್ವತಃ ಅರ್ಥವಿಲ್ಲ. ಅರ್ಥವನ್ನು ಗಣಿತಜ್ಞರು ಕೊಟ್ಟಿದ್ದಾರೆ, ಅದೂ ಒಂದು ಆಶೆಯಿಂದ: ಘಾತದ ಘಾತವನ್ನು ತೆಗೆಯುವಾಗ ಘಾತಾಂಕಗಳನ್ನು ಗುಣಿಸಬೇಕೆಂಬ ವಿಧಿಯು ಪೂರ್ಣಾಂಕಗಳಲ್ಲಿ ನಡೆದಂತೆ ಭಿನ್ನಾಂಕಗಳಲ್ಲಿಯೂ ನಡೆಯಲೆಂಬ ಆಶೆ. ಮೂರರಲ್ಲೊಂದು ಘಾತವನ್ನು ಘನ ಮಾಡಿದರೆ ಮೊದಲಿನ ರಾಶಿಯು ಬರಬೇಕಾದುದರಿಂದ ಅದು ಘನಮೂಲವೇ ಆಗಬೇಕು.

ಧನರಾಶಿಗಳಲ್ಲಿ ಈ ಆಶೆಯು ಪೂರ್ಣವಾಗಿ ಕೈಗೂಡಿದೆ. ಋಣರಾಶಿಗಳಲ್ಲಿ ಕೈಗೂಡಿಲ್ಲ. 1/3 ಎಂದರೂ 2/6 ಎಂದರೂ ಒಂದೇ ಭಿನ್ನವೆಂಬದನ್ನು ನಾಲ್ಕನೆಯ ಇಯತ್ತೆಯ ಮಗುವೂ ಬಲ್ಲದು. (−8)^(1/3) ಎಂಬದು −2. ಅದನ್ನೇ (−8)^(2/6) ಎಂದು ಬರೆದು, ಮೊದಲು ವರ್ಗ ಮಾಡಿದರೆ 64. 64ರ ಆರನೆಯ ಮೂಲವನ್ನು ತೆಗೆದರೆ 2. ಹಾಗಾದರೆ −2 ಮತ್ತು +2 ಒಂದೇ ಎಂದಂತಾಯಿತು! ಎಲ್ಲಿಯೂ ಗುಣಾಕಾರವು ತಪ್ಪಿಲ್ಲ. ಧನರಾಶಿಗಳಿಗಾಗಿ ಹುಟ್ಟಿದ ವಿಧಿಯನ್ನು ಅದರ ಮೇರೆಯನ್ನು ಮೀರಿ ಒಯ್ದದ್ದೇ ಇಲ್ಲಿರುವ ತಪ್ಪು. ಹೊಲದ ಬದುವನ್ನು ದಾಟಿದ ಎತ್ತಿನಂತೆ ವಿಧಿಯು ಅಲ್ಲಿ ಯಾರ ಮಾತನ್ನೂ ಕೇಳುವದಿಲ್ಲ.

ಇದನ್ನು ಸರಿಪಡಿಸಲು ಶಾಲೆಯ ಪುಸ್ತಕಗಳು ಒಂದು ನಿಬಂಧನೆಯನ್ನು ಹಾಕುತ್ತವೆ. ಘಾತಾಂಕವಾದ ಭಿನ್ನವನ್ನು ಮೊದಲು ಅತಿ ಚಿಕ್ಕ ರೂಪಕ್ಕೆ ತರಬೇಕು. ಆಗ ಛೇದವು ಬೆಸವಾಗಿದ್ದರೆ ಋಣರಾಶಿಗೆ ಮೂಲವುಂಟು, ಸಮವಾಗಿದ್ದರೆ ವಾಸ್ತವ ಸಂಖ್ಯೆಗಳಲ್ಲಿ ಮೂಲವಿಲ್ಲ. ಕ್ಯಾಸಿಯೋ ಸಂಸ್ಥೆಯು ತನ್ನ ಕೈಪಿಡಿಗಳಲ್ಲಿ ಇದೇ ನಿಬಂಧನೆಯನ್ನು ಸೂತ್ರರೂಪದಲ್ಲಿ ಮುದ್ರಿಸಿದೆ: ಋಣರಾಶಿಗೆ ಘಾತಾಂಕವು ಪೂರ್ಣಾಂಕವಾಗಿರಬೇಕು ಇಲ್ಲವೆ ಬೆಸ ಛೇದದ ಭಿನ್ನವಾಗಿರಬೇಕು. ಬಹಳ ಜನರು ಓದದೆ ಬಿಡುವ ಪುಟವದು.

ಸಮ ಛೇದದ ವಿಷಯದಲ್ಲಿ ಕನ್ನಡ ನಾಡಿಗೆ ಹೇಳಿಕೊಳ್ಳುವಂಥ ಹಳಮೆಯಿದೆ. ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಆಳಿದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿದನು. ಋಣರಾಶಿಯು ಸ್ವಭಾವದಿಂದಲೇ ಯಾವದರ ವರ್ಗವೂ ಅಲ್ಲ, ಆದುದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂಬ ಸಂಗತಿಯನ್ನು ಅವನು ಅದರಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ. ಕ್ರಿ. ಶ. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯನು ತನ್ನ ಬೀಜಗಣಿತದಲ್ಲಿ ಇದನ್ನೇ ಒಪ್ಪಿ, ಧನರಾಶಿಗೆ ಧನವೊಂದು ಋಣವೊಂದು ಎಂದು ಎರಡು ಮೂಲಗಳನ್ನು ಹೇಳಿದನು. ಇವರು ಅಜ್ಞಾನದಿಂದ ನಿಂತವರಲ್ಲ. ತಮ್ಮ ಸಂಖ್ಯೆಗಳ ಮೇರೆಯನ್ನು ಗುರುತಿಸಿ, ಇದರಾಚೆಗೆ ಇಲ್ಲವೆಂದು ಬಾಯಿಬಿಟ್ಟು ಹೇಳಿ ನಿಂತರು. ಪರದೆಯ ಎಡಭಾಗವನ್ನು ಮಾತಿಲ್ಲದೆ ಬರಿದಾಗಿ ಬಿಡುವ ಯಂತ್ರಕ್ಕೂ ಇವರಿಗೂ ಇರುವ ಅಂತರವು ಇದೇ.

ಆದರೆ ಘನಮೂಲದ ಸಂಗತಿಯು ಬೇರೆ. −2ನ್ನು ಮೂರು ಸಲ ಗುಣಿಸಿದರೆ −8 ಆಗುವದನ್ನು ಯಾರೂ ಅಲ್ಲಗಳೆಯಲಾರರು. ಹೀಗಿರಲು ಮ್ಯಾಥಮ್ಯಾಟಿಕದಂಥ ಮಹಾಯಂತ್ರಗಳು ಕಣ್ಣೆದುರಿಗಿರುವ −2ನ್ನು ಬಿಟ್ಟು ಋಣದ ವರ್ಗಮೂಲವನ್ನು ಬೆರೆಸಿಕೊಂಡ ಉತ್ತರವನ್ನೇಕೆ ಕೊಡುತ್ತವೆ?

ಯಂತ್ರವು ಮೂಲವನ್ನು ಹುಡುಕುವದೇ ಇಲ್ಲವೆಂಬದು ಇದಕ್ಕೆ ಮೊದಲನೆಯ ಕಾರಣ. ಘಾತವೆಂದೊಡನೆ ಅದು ರಾಶಿಯ ಲಾಗರಿದಮ್ಮನ್ನು ತೆಗೆದು, ಅದನ್ನು ಘಾತಾಂಕದಿಂದ ಗುಣಿಸಿ, ಬಂದದ್ದರಿಂದ ಮರಳಿ ಸಂಖ್ಯೆಯನ್ನು ಪಡೆಯುತ್ತದೆ. ಹಳೆಯ ಕಾಲದ ವಿದ್ಯಾರ್ಥಿಗಳು ಲಾಗ್ ಕೋಷ್ಟಕದ ಪುಸ್ತಕವನ್ನಿಟ್ಟುಕೊಂಡು ಮಾಡುತ್ತಿದ್ದದ್ದೂ ಇದನ್ನೇ. ಯಾವ ಘಾತಾಂಕಕ್ಕಾದರೂ ನಡೆಯುವ ಒಂದೇ ಹಾದಿಯಿದು. ಆದರೆ ಋಣರಾಶಿಗೆ ಲಾಗರಿದಮ್ಮು ಎಲ್ಲಿಯದು? ಆ ಪುಸ್ತಕದಲ್ಲಿ ಋಣದ ಸಾಲೇ ಇರಲಿಲ್ಲ.

ಈ ಪ್ರಶ್ನೆಯ ಮೇಲೆ ಯುರೋಪಿನ ಇಬ್ಬರು ಘನವಿದ್ವಾಂಸರು 1712 ಮತ್ತು 1713ರಲ್ಲಿ ಪತ್ರಗಳಲ್ಲಿ ವಾದಿಸಿದರು. ಋಣರಾಶಿಯ ಲಾಗರಿದಮ್ಮು ವಾಸ್ತವ ಸಂಖ್ಯೆಯಲ್ಲ, ಕಾಲ್ಪನಿಕವೆಂದು ಲೈಬ್ನಿಟ್ಸನ ಪಕ್ಷ. ಋಣಕ್ಕೂ ಧನಕ್ಕೂ ಲಾಗರಿದಮ್ಮು ಒಂದೇ, ಏಕೆಂದರೆ ಎರಡರ ವೃದ್ಧಿಯ ಸೂತ್ರವೂ ಒಂದೇ ಎಂದು ಯೋಹಾನ್ ಬೆರ್ನೂಲಿಯ ಪಕ್ಷ. ಇಬ್ಬರೂ ಕಲನಶಾಸ್ತ್ರವನ್ನು ಕಟ್ಟಿದವರು. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿಸಲಾರದೆ ಹೋದರು. ಬೆರ್ನೂಲಿಯ ಶಿಷ್ಯನಾದ ಆಯ್ಲರನು 1749ರಲ್ಲಿ ಬಗೆಹರಿಸಿದನು, ಅದೂ ಗುರುವಿನ ಪಕ್ಷವನ್ನು ಬಿಟ್ಟು. ಗುರುವಿನ ಮಾತು ಗುರುವೇ ಹಿಂದೆ ಕಂಡುಹಿಡಿದಿದ್ದ ಫಲಕ್ಕೆ ವಿರುದ್ಧವಾಗುವದೆಂಬದನ್ನು ಅವನು ತೋರಿಸಿದನು. ಆದರೆ ಲೈಬ್ನಿಟ್ಸನ ಮಾತನ್ನೂ ಅಷ್ಟಕ್ಕೇ ಬಿಡಲಿಲ್ಲ. ಪ್ರತಿಯೊಂದು ರಾಶಿಗೂ ಲಾಗರಿದಮ್ಮುಗಳು ಅನಂತವಾಗಿವೆ, ಧನರಾಶಿಯ ಅನಂತದಲ್ಲಿ ಒಂದು ಮಾತ್ರ ವಾಸ್ತವ, ಋಣರಾಶಿಯ ಅನಂತದಲ್ಲಿ ಒಂದೂ ವಾಸ್ತವವಲ್ಲ ಎಂಬದು ಅವನ ನಿರ್ಣಯ. ಒಂದೇ ಉತ್ತರವಿರಲೇಬೇಕೆಂಬ ಹಟದಿಂದಲೇ ಇಬ್ಬರು ಮಹನೀಯರೂ ಸಿಕ್ಕಿಬಿದ್ದಿದ್ದರು.

ಇಷ್ಟು ದೊಡ್ಡ ಆಯ್ಲರನ ಪುಸ್ತಕದಲ್ಲಿಯೂ ಈ ವಿಷಯವು ವಾದಕ್ಕೆ ಎಡೆ ಕೊಟ್ಟಿದೆ. ಕಣ್ಣುಗಳು ಬಹುಮಟ್ಟಿಗೆ ಹೋದ ಮೇಲೆ ಬಾಯಿಂದ ಹೇಳಿ ಬರೆಯಿಸಿ 1770ರಲ್ಲಿ ಪ್ರಕಟಿಸಿದ ಬೀಜಗಣಿತದಲ್ಲಿ ಅವನು ಋಣ 1ರ ವರ್ಗಮೂಲವನ್ನು ಋಣ 4ರ ವರ್ಗಮೂಲದಿಂದ ಗುಣಿಸಿದರೆ 2 ಬರುವದೆಂದನು. ಇಂದಿನ ರೂಢಿಯಂತೆ −2 ಬರಬೇಕು. ಇದು ಮುಪ್ಪಿನ ತಪ್ಪೆಂದು ಕೆಲವರು. ಮೂಲಚಿಹ್ನೆಗೆ ಅವನು ಎರಡು ಬೆಲೆಗಳನ್ನೂ ಒಟ್ಟಿಗೆ ಗ್ರಹಿಸುತ್ತಿದ್ದುದರಿಂದ ತಪ್ಪಿಲ್ಲವೆಂದು ಕೆಲವರು. ಎರಡನೆಯ ಮಾತೇ ಹೆಚ್ಚು ಯುಕ್ತವಾಗಿ ತೋರುತ್ತದೆ.

ಲಾಗರಿದಮ್ಮುಗಳು ಅನಂತವಾಗಿದ್ದರೆ ಘನಮೂಲಗಳೂ ಅನಂತವಾಗಬೇಕಲ್ಲವೆ ಎಂದು ಕೇಳಬಹುದು. ಹಾಗಾಗುವದಿಲ್ಲ, ಅವು ಮರಳಿ ಮರಳಿ ಬಂದು ಮೂರರಲ್ಲಿಯೇ ನಿಲ್ಲುತ್ತವೆ. ಇದನ್ನು ಕಣ್ಣಿಗೆ ಕಾಣುವಂತೆ ಮಾಡಿದವರು ಡೆನ್ಮಾರ್ಕಿನ ರಾಜ್ಯದಲ್ಲಿ ಭೂಮಾಪನದ ಕೆಲಸದಲ್ಲಿದ್ದ ವೆಸ್ಸೆಲ್ ಎಂಬವನು ಮತ್ತು 1806ರಲ್ಲಿ ಪ್ಯಾರಿಸಿನಲ್ಲಿ ಸಣ್ಣ ಪುಸ್ತಕವೊಂದನ್ನು ಹೊರಡಿಸಿದ ಆರ್ಗಾನ್ ಎಂಬವನು. ಸಂಖ್ಯೆಗಳನ್ನು ಒಂದು ಗೆರೆಯ ಮೇಲಲ್ಲ, ಒಂದು ಬಯಲಿನ ಮೇಲೆ ಇಡಬೇಕು. ನಡುವೆ ಸೊನ್ನೆ. ಬಲಕ್ಕೆ ಧನ, ಎಡಕ್ಕೆ ಋಣ. ಮೇಲಕ್ಕೆ ಋಣ ಒಂದರ ವರ್ಗಮೂಲದ ದಿಕ್ಕು. ಎರಡು ಸಂಖ್ಯೆಗಳನ್ನು ಗುಣಿಸುವದೆಂದರೆ ಅವುಗಳ ಉದ್ದಗಳನ್ನು ಗುಣಿಸಿ, ಬಲದಿಕ್ಕಿನಿಂದ ಅವು ತಿರುಗಿರುವ ಕೋನಗಳನ್ನು ಕೂಡಿಸುವದು. ಋಣವನ್ನು ಋಣದಿಂದ ಗುಣಿಸಿದರೆ ಧನವೇಕೆ ಎಂಬ ಹಳೆಯ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ: ಅರ್ಧ ಸುತ್ತಿಗೆ ಅರ್ಧ ಸುತ್ತನ್ನು ಕೂಡಿಸಿದರೆ ಪೂರ್ಣ ಸುತ್ತಾಗಿ ಮೊದಲಿನ ದಿಕ್ಕಿಗೇ ಬಂದು ನಿಲ್ಲುವದು.

ಋಣ 8 ಎಂಬದು 8 ಉದ್ದದ, 180 ಅಂಶ ತಿರುಗಿದ ಸಂಖ್ಯೆ. ಘನ ಮಾಡಿದಾಗ ಇದಾಗಬೇಕಾದರೆ ಮೂಲದ ಉದ್ದವು 2 ಇರಬೇಕು, ಕೋನವು ಮೂರರಿಂದ ಗುಣಿಸಿದಾಗ 180 ಅಂಶದ ದಿಕ್ಕಿಗೆ ಬರಬೇಕು. 60 ಅಂಶವು ಅಂಥದು. 180 ಅಂಶವೂ ಅಂಥದೇ, ಏಕೆಂದರೆ ಮೂರು ಸಲ 180 ಎಂದರೆ 540, ಅಂದರೆ ಒಂದು ಪೂರ್ಣ ಸುತ್ತು ಕಳೆದು ಮತ್ತೆ 180. ಅದೇ ನ್ಯಾಯದಿಂದ 300 ಅಂಶವೂ. ಈ ಮೂರರಲ್ಲಿ ನಡುವಿನದೇ ಪರಿಚಿತವಾದ −2. ಮೊದಲನೆಯದು, 60 ಅಂಶದ್ದು, ಯಂತ್ರವು ಕೊಟ್ಟ 1 ಮತ್ತು 1.732ರ ಮಿಶ್ರಸಂಖ್ಯೆ. ಮೂವರು ಅಣ್ಣತಮ್ಮಂದಿರಿರುವ ಮನೆಗೆ ಹೋಗಿ ಹೆಸರು ಹೇಳದೆ ಕೂಗಿದರೆ ಬಾಗಿಲಿಗೆ ಮೊದಲು ಬಂದವನೇ ಓಗೊಡುವನು. ಬಲದಿಕ್ಕಿಗೆ ಅತಿ ಸಮೀಪದ ಕೋನದ ಮೂಲವನ್ನು ತೆಗೆದುಕೊಳ್ಳಬೇಕು, ಎರಡು ಸಮದೂರದಲ್ಲಿದ್ದರೆ ಮೇಲಣದನ್ನು ಹಿಡಿಯಬೇಕು ಎಂಬದು ರೂಢಿ. ಇದಕ್ಕೆ ಮುಖ್ಯಬೆಲೆಯೆಂದು ಹೆಸರು.

ರೂಢಿಯೆಂದ ಮಾತ್ರಕ್ಕೆ ಇದು ಮನಬಂದ ಕಟ್ಟಳೆಯಲ್ಲ. ಋಣ 8ರ ಘಾತಾಂಕವನ್ನು ಸೊನ್ನೆಯಿಂದ ಒಂದರವರೆಗೆ ಮೆಲ್ಲಮೆಲ್ಲನೆ ಏರಿಸುತ್ತ ಹೋದರೆ, ಮುಖ್ಯಬೆಲೆಯು 1ರಿಂದ ಹೊರಟು, ಬಯಲಿನ ಮೇಲ್ಭಾಗದಲ್ಲಿ ಸುರುಳಿಯಾಗಿ ತಿರುಗುತ್ತ ಉದ್ದವಾಗುತ್ತ ಎಲ್ಲಿಯೂ ಕಡಿಯದೆ −8ನ್ನು ಸೇರುತ್ತದೆ. ದಾರಿಯ ಮೂರನೆಯ ಒಂದು ಭಾಗದಲ್ಲಿ ಕೋನವು 60 ಅಂಶ, ಅರ್ಧದಲ್ಲಿ 90. ಇನ್ನು ಶಾಲೆಯ ನಿಬಂಧನೆಯಂತೆ ನಡೆದರೆ ಏನಾಗುವದು? ಘಾತಾಂಕವು 1/3 ಆದಾಗ −2. ಅಲ್ಲಿಂದ ತುಸು ಮುಂದೆ 2/5ರಲ್ಲಿ ಬೆಲೆಯು ಧನ, ಸುಮಾರು 2.3. ಅರ್ಧದಲ್ಲಿ ಬೆಲೆಯೇ ಇಲ್ಲ. 3/5ರಲ್ಲಿ ಮತ್ತೆ ಋಣ. ಎಷ್ಟು ಹತ್ತಿರದ ಎರಡು ಘಾತಾಂಕಗಳ ನಡುವೆ ನೋಡಿದರೂ ಧನ, ಋಣ, ಇಲ್ಲ ಎಂಬ ಮೂರೂ ಅಸಂಖ್ಯವಾಗಿ ಬೆರೆತಿವೆ. ಋಣ 2ರ 'ಯಾ' ಘಾತವೆಂದು ನಕ್ಷೆ ಬರೆಯಲು ಹೇಳಿದರೆ ಯಂತ್ರಗಳು ಬರಿಯ ಪರದೆಯನ್ನೋ ಅಲ್ಲೊಂದು ಇಲ್ಲೊಂದು ಚುಕ್ಕೆಯನ್ನೋ ತೋರಿಸುವದಕ್ಕೆ ಇದೇ ಕಾರಣ. ಯಂತ್ರವು ನಕ್ಷೆಯನ್ನು ಗೆರೆಯಾಗಿ ತಿಳಿಯದು. ಪರದೆಯ ಒಂದೊಂದು ಕಂಬಸಾಲಿಗೆ ಒಂದೊಂದು ಬೆಲೆಯನ್ನು ಹಾಕಿ ನೋಡುತ್ತದೆ. ಆ ಹಾಕಿದ ಬೆಲೆಗಳು ಹತ್ತನೆಯ ಭಾಗಗಳಾಗಿದ್ದರೆ 0.2 ಎಂಬದು ಐದರಲ್ಲೊಂದಾಗಿ ಋಣಕ್ಕೆ, 0.4 ಎಂಬದು ಐದರಲ್ಲೆರಡಾಗಿ ಧನಕ್ಕೆ ಸಲ್ಲಬೇಕು, 0.1, 0.3, 0.5 ಇವಕ್ಕೆ ಏನೂ ಸಲ್ಲದು. ಅಲ್ಲಿ ಗೆರೆಯೆಂಬದೇ ಇಲ್ಲ, ಮೇಲೊಂದು ಕೆಳಗೊಂದು ಎರಡು ಮಂಜಿನ ಪದರಗಳಂತೆ ಬಿಡಿಬಿಡಿ ಬಿಂದುಗಳು ಮಾತ್ರ ಇವೆ.

ಆದುದರಿಂದ ಉಭಯರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಎಂಟು ಘನಮೊಳದ ಪೆಟ್ಟಿಗೆಯ ಬದಿಯನ್ನು ಅಳೆಯುವ ಹುಡುಗನಿಗೆ ಬೇಕಾದದ್ದು ವಾಸ್ತವ ಮೂಲ. ಘಾತಾಂಕವು ನಿರಂತರವಾಗಿ ಬದಲಾಗುವ ಲೆಕ್ಕವನ್ನು ಮಾಡುವ ಎಂಜಿನಿಯರನಿಗೆ ಬೇಕಾದದ್ದು ಮುಖ್ಯಬೆಲೆ. ಎರಡು ಬೇರೆ ಪ್ರಶ್ನೆಗಳಿಗೆ ಒಂದೇ ಗುರುತನ್ನು ಬಳಸಿದ್ದರಿಂದಲೇ ಈ ಎಲ್ಲ ಗೊಂದಲ. ಮ್ಯಾಥಮ್ಯಾಟಿಕದವರು ಕಡೆಗೆ 2012ರ ಒಂಬತ್ತನೆಯ ಆವೃತ್ತಿಯಲ್ಲಿ ವಾಸ್ತವ ಮೂಲಕ್ಕೆಂದೇ ಸರ್ಡ್ ಮತ್ತು ಕ್ಯೂಬ್‌ರೂಟ್ ಎಂಬ ಬೇರೆ ಹೆಸರುಗಳನ್ನು ಸೇರಿಸಿದರು.

ಇಷ್ಟಾದ ಮೇಲೂ ಒಂದು ಸಂದೇಹವು ಉಳಿಯುತ್ತದೆ. ಮಿಶ್ರಸಂಖ್ಯೆಗಳ ಗೊಡವೆಗೇ ಹೋಗದ, ಕೇವಲ ವಾಸ್ತವ ಸಂಖ್ಯೆಗಳಲ್ಲಿ ನಡೆಯುವ ಗಣಕಭಾಷೆಯು −2 ಎನ್ನಬಹುದಾಗಿತ್ತಲ್ಲ, 'ಸಂಖ್ಯೆಯಲ್ಲ' ಎಂದೇಕೆ ಹೇಳುತ್ತದೆ? ಇದರ ಉತ್ತರವು ಬಹು ರಮ್ಯವಾಗಿದೆ. ಗಣಕಕ್ಕೆ ಮೂರರಲ್ಲೊಂದು ಎಂಬದು ತಲುಪುವದೇ ಇಲ್ಲ! ಘಾತವಿಧಿಯ ಕೈಗೆ ಬರುವಷ್ಟರಲ್ಲಿ ಭಾಗಾಕಾರವು ಆಗಿಹೋಗಿರುತ್ತದೆ. ಗಣಕವು ಎಣಿಸುವದು ಎರಡರ ಘಾತಗಳಲ್ಲಿ; ಮೂರರಲ್ಲೊಂದು ಎಂಬದು ಆ ಎಣಿಕೆಯಲ್ಲಿ ಮುಗಿಯದ ರಾಶಿ, ಆದುದರಿಂದ ಎಲ್ಲಿಯೋ ಕಡಿಯಲೇಬೇಕು. ಈಗಿನ ಗಣಕಗಳ ರೂಢಿಯಾದ 64 ಅಂಕೆಯ ಪದ್ಧತಿಯಲ್ಲಿ ಕಡಿದ ಮೇಲೆ ಉಳಿಯುವ ಭಿನ್ನದ ಅಂಶವು 6004799503160661, ಛೇದವು 18014398509481984. ಛೇದವು ಎರಡನ್ನು ಐವತ್ತುನಾಲ್ಕು ಸಲ ಗುಣಿಸಿದ್ದು, ಅಂಶವು ಬೆಸ, ಇನ್ನು ಸಂಕ್ಷೇಪವಾಗುವಂತಿಲ್ಲ. ಅಂದರೆ ಅತಿ ಚಿಕ್ಕ ರೂಪದಲ್ಲಿ ಸಮ ಛೇದವುಳ್ಳ ಭಿನ್ನ. ಶಾಲೆಯ ನಿಬಂಧನೆಯ ಪ್ರಕಾರವೇ ಅಂಥ ಘಾತಾಂಕದಲ್ಲಿ ಋಣರಾಶಿಗೆ ವಾಸ್ತವ ಮೂಲವಿಲ್ಲ! ಇದೊಂದೇ ಅಲ್ಲ, ಈ ಪದ್ಧತಿಯಲ್ಲಿ ಬರೆಯಲಾಗುವ ಪ್ರತಿಯೊಂದು ಅಪೂರ್ಣಾಂಕಕ್ಕೂ ಛೇದವು ಎರಡರ ಘಾತವೇ, ಆದುದರಿಂದ ಸಮವೇ. ಗಣಕಗಳ ಅಂಕಪದ್ಧತಿಗೆ ಕಟ್ಟಳೆ ಮಾಡಿದ ಐಇಇಇ 754 ಎಂಬ ನಿಬಂಧವು ಋಣರಾಶಿಗೆ ಅಪೂರ್ಣ ಘಾತಾಂಕವನ್ನು ಕೊಟ್ಟಲ್ಲಿ ಅದನ್ನು ಅಸಾಧುವೆಂದದ್ದು ನ್ಯಾಯವೇ ಸರಿ. 2008ರ ಪರಿಷ್ಕರಣದಲ್ಲಿ ಮೂಲಕ್ಕೆಂದೇ ಬೇರೊಂದು ವಿಧಿಯನ್ನೂ ಅದು ಹೇಳಿತು. ಅದಕ್ಕೆ −8ನ್ನೂ 3 ಎಂಬ ಪೂರ್ಣಾಂಕವನ್ನೂ ಬೇರೆ ಬೇರೆಯಾಗಿ ಕೊಟ್ಟರೆ −2 ಬರುವದು.

ಕೈಯಲ್ಲಿ ಹಿಡಿಯುವ ಕ್ಯಾಲ್ಕುಲೇಟರುಗಳು ಬಹುಮಟ್ಟಿಗೆ ಹತ್ತರ ಎಣಿಕೆಯಲ್ಲಿ ನಡೆಯುತ್ತವೆ. ಅಲ್ಲಿಯೂ ಹದಿನಾಲ್ಕು ಮೂರುಗಳಾದ ಮೇಲೆ ಕಡಿದ ದಶಮಾಂಶಕ್ಕೆ ಛೇದವು ಹತ್ತರ ಘಾತ, ಅದೂ ಸಮ. ಅಂಥ ಯಂತ್ರವು −2 ಎಂದು ಹೇಳಬೇಕಾದರೆ, ತನ್ನ ಕೈಗೆ ಬಂದ ತುಂಡನ್ನು ನೋಡಿ ಇದು ಮೂರರಲ್ಲೊಂದೇ ಇರಬೇಕೆಂದು ಊಹಿಸಬೇಕು, ಇಲ್ಲವೆ ಭಾಗಿಸದೆ ಅಂಶವನ್ನೂ ಛೇದವನ್ನೂ ಹಾಗೆಯೇ ಕಾದಿಟ್ಟುಕೊಳ್ಳಬೇಕು. ಡೆಸ್ಮಾಸ್ ಮೊದಲಾದವು ಬೆಸ ಛೇದದ ಭಿನ್ನವನ್ನು ಗುರುತಿಸಿಯೇ ಎಡಗಡೆಯನ್ನೂ ಬರೆಯುತ್ತವೆ. ವಿದ್ಯಾರ್ಥಿಗಳ ಮಟ್ಟಿಗೆ ಇದೇ ಒಳ್ಳೆಯ ಏರ್ಪಾಡು.

ಇಲ್ಲಿಯೇ ಇನ್ನೊಂದು ಮೋಸವನ್ನೂ ಹೇಳಬೇಕು. ಕೆಲವು ವಿದ್ಯಾರ್ಥಿಗಳು ಆವರಣವನ್ನು ಹಾಕದೆ −8^(1/3) ಎಂದು ಒತ್ತಿ −2 ಬಂದಿತೆಂದು ಸಂತೋಷಪಡುವರು. ಯಂತ್ರವು ಅಲ್ಲಿ ಋಣವನ್ನು ಮುಟ್ಟಿಯೇ ಇಲ್ಲ. 8ರ ಘನಮೂಲವನ್ನು ತೆಗೆದು ಅದರ ಮುಂದೆ ಋಣಚಿಹ್ನೆಯನ್ನಿಟ್ಟಿದೆ. ಅದೇ ಹುಡುಗನು −8^(2/3) ಎಂದು ಒತ್ತಿದರೆ 4ರ ಬದಲು −4 ಬರುವದು. ಎಕ್ಸೆಲ್ ಎಂಬ ಲೆಕ್ಕದ ಹಾಳೆಯಲ್ಲಂತೂ ರೂಢಿಯು ತಿರುಗುಮುರುಗಾಗಿದ್ದು, ಆವರಣವಿಲ್ಲದೆ ಬರೆದ −2ರ ವರ್ಗವನ್ನು ಅದು +4 ಎನ್ನುತ್ತದೆ. ಕಾಕತಾಳೀಯವಾಗಿ ಬಂದ ಸರಿಯುತ್ತರವು ತಪ್ಪುತ್ತರಕ್ಕಿಂತ ಕೆಟ್ಟದ್ದು, ಏಕೆಂದರೆ ಅದನ್ನು ಯಾರೂ ತಿದ್ದುವದಿಲ್ಲ.

ಯಂತ್ರದ ನಡತೆಗಳನ್ನು ತೂಗಿ ನೋಡಿದರೆ, ಮಿಶ್ರಸಂಖ್ಯೆಯನ್ನು ಕೊಡುವದು ದೋಷವಲ್ಲ. ಹುಡುಗನಿಗೆ ಆಶ್ಚರ್ಯವಾಗಿ ಉಪಾಧ್ಯಾಯರನ್ನು ಕೇಳುವನು. ದೋಷವೆಂದು ಕೂಗಿ ನಿಲ್ಲುವದೂ ದೋಷವಲ್ಲ, ಅವನು ಎಚ್ಚರಗೊಳ್ಳುವನು. ಅರ್ಧ ನಕ್ಷೆಯನ್ನು ಪೂರ್ಣ ನಕ್ಷೆಯೆಂಬಂತೆ ಬರೆದು ಸುಮ್ಮನಿರುವದೇ ದೊಡ್ಡ ದೋಷ. ಬರಿದಾದ ಜಾಗವು 'ಇಲ್ಲಿ ಏನೂ ಇಲ್ಲ' ಎಂದು ಹೇಳುತ್ತಿಲ್ಲ, 'ಇಲ್ಲಿ ಲೆಕ್ಕ ನಡೆಯಲಿಲ್ಲ' ಎಂದು ಮಾತ್ರ ಹೇಳುತ್ತಿದೆ. ಇವೆರಡನ್ನೂ ಪರದೆಯು ಒಂದೇ ಬಣ್ಣದಲ್ಲಿ ತೋರಿಸುತ್ತದೆ.

ಇದಕ್ಕೆ ಪರಿಹಾರವು ಸುಲಭವಾಗಿದ್ದು, ಒಂದು ಉದಾಹರಣೆಯಿಂದ ತಿಳಿಯಬಹುದು. ಎಂಟು ಮೊಳದ ಏಣಿಯೊಂದನ್ನು ಗೋಡೆಗೆ ನೆಟ್ಟಗೆ ಒರಗಿಸಿ, ಬುಡವು ನೆಲದ ಮೇಲೆ ಬಲಕ್ಕೆ ಜಾರುತ್ತ ಹೋಗಲು ಬಿಟ್ಟರೆ, ಏಣಿಯ ಎಲ್ಲ ನಿಲುವುಗಳೂ ಸೇರಿ ಒಂದು ಬಾಗಿದ ಗೆರೆಯನ್ನು ಮುಟ್ಟುತ್ತ ಹೋಗುವವು. ಬುಡದಿಂದ ತುದಿಯವರೆಗೆ ಒಳಕ್ಕೆ ಬಾಗಿದ ಆ ಗೆರೆಯ ಒಂದು ಬಿಂದುವು ಗೋಡೆಯಿಂದ 'ಯಾ' ದೂರದಲ್ಲಿದ್ದರೆ, 4ರಲ್ಲಿ ಯಾ^(2/3)ನ್ನು ಕಳೆದು, ಉಳಿದದ್ದರ ಎರಡರಲ್ಲಿ ಮೂರು ಘಾತವನ್ನು ತೆಗೆದರೆ ಅದರ ಎತ್ತರವು ಬರುವದು. ಗೋಡೆಯ ಬುಡದಲ್ಲಿ, ಯಾ ಸೊನ್ನೆಯಾದಾಗ, ಎತ್ತರವು 8; ನೆಲದ ಮೇಲೆ ಎಂಟು ಮೊಳದಾಚೆ ಎತ್ತರವು ಸೊನ್ನೆ. ಏಣಿಯನ್ನು ಗೋಡೆಯ ಎಡಮಗ್ಗುಲಿಗೆ ಜಾರಿಸಿದರೂ ಅದೇ ಗೆರೆಯು ಕನ್ನಡಿಯಲ್ಲಿ ಕಂಡಂತೆ ಬರಬೇಕಷ್ಟೆ. ಏಣಿಗೆ ಎಡ ಬಲಗಳ ಭೇದವಿಲ್ಲ. ಆದರೆ ಲಾಗರಿದಮ್ಮಿನ ಹಾದಿಯನ್ನು ಹಿಡಿದ ಯಂತ್ರಕ್ಕೆ ಸೂತ್ರವನ್ನು ಹಾಗೆಯೇ ಕೊಟ್ಟರೆ ಬಲಗಡೆಯ ಗೆರೆಯಷ್ಟೇ ಬರುತ್ತದೆ. ಆಗ ವಿದ್ಯಾರ್ಥಿಯು ಯಾ^(2/3) ಎಂಬದನ್ನು ತೆಗೆದು, ಮೊದಲು ವರ್ಗವನ್ನೂ ಅದರ ಮೇಲೆ ಘನಮೂಲವನ್ನೂ ಬೇರೆ ಬೇರೆಯಾಗಿ, (ಯಾ^2)^(1/3) ಎಂದು ಒತ್ತಬೇಕು. ವರ್ಗವಾದೊಡನೆ ರಾಶಿಯು ಎಂದಿಗೂ ಋಣವಾಗಿರದು, ಮುಂದಿನ ಘಾತಕ್ಕೆ ಯಾವ ಅಡ್ಡಿಯೂ ಇರದು. ಗೋಡೆಯ ಎಡಕ್ಕೆ ಒಂದು ಮೊಳದಲ್ಲಿ, ಯಾ ಎಂಬದು −1 ಆದಾಗ, ವರ್ಗವು 1, ಅದರ ಘನಮೂಲವು 1, ನಾಲ್ಕರಲ್ಲಿ ಕಳೆದರೆ 3, ಅದರ ಎರಡರಲ್ಲಿ ಮೂರು ಘಾತವು ಸುಮಾರು 5.196 ಮೊಳ, ಪರದೆಯ ಎಡಭಾಗದಲ್ಲಿ ಆ ಎತ್ತರಕ್ಕೆ ಚುಕ್ಕೆಯು ಮೂಡಿ, ಅದರ ಆಚೀಚೆಗೆ ಉಳಿದವು ಕೂಡಿಕೊಂಡು, ಗೆರೆಯು −8ರವರೆಗೆ ಇಳಿದು ನೆಲವನ್ನು ಸೇರುತ್ತದೆ.